ಮೂರನೇ ಪಟ್ಟಿಯ ಈಶಾನ್ಯ ಮೂಲೆ

ಎರಡು ಗಾಜಿನ ಲೋಟ, ಎರಡರಲ್ಲೂ ಬಾವಿಯ ನೀರು.
ಹೆಲ್ವೆ ಚಿಮಟದಲ್ಲಿ ಹಿಡಿದು ಬಿಡುತ್ತಾಳೆ
ಒಂದೊಂದು ಹೆಂಟೆ, ಬಟಾಣಿಯಷ್ಟು.
ಮೂರನೇ ಪಟ್ಟಿಯದು ತಳ ಮುಟ್ಟುವ ಮೊದಲೇ
ಉಸಿರು ಬಿಟ್ಟು, ಕರಗಿ, ರಾಡಿ.
ಏಳನೆಯದು ಕೂತಿರುತ್ತದೆ,
ಒಂದೆರಡು ಗುಳ್ಳೆ ಮೇಲಕ್ಕೆ ಕಳಿಸಿ,
ಏಳುವ ಯೋಚನೆಯೇ ಇಲ್ಲದ ನೆಂಟನ ಹಾಗೆ.

ತಾರ್ತುವಿನಿಂದ ಬಸ್ಸಿನಲ್ಲಿ ಒಂದು ಗಂಟೆ. ಬರ್ಚ್ ಮರಗಳಾಚೆ
ಹನ್ನೆರಡು ಪಟ್ಟಿ ಹೊಲ. ರೈ, ಆಲೂಗಡ್ಡೆ, ಬಾರ್ಲಿ, ಮತ್ತೆ ರೈ.
ಏಳಕ್ಕೆ ಮೂರು ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ.
ಮೂರಕ್ಕೆ ಏನೂ ಇಲ್ಲ.
ದಾಖಲೆ ಪುಸ್ತಕದಲ್ಲಿ ಗೊಬ್ಬರ ಮೊದಲು ಸೊನ್ನಿಕ್,
ನಡುವೆ ನಲವತ್ತು ವರ್ಷ ನವೋಸ್,
ಈಗ ಮತ್ತೆ ಸೊನ್ನಿಕ್.
'ಏನೂ ಇಲ್ಲ' ಎಂಬುದಕ್ಕೆ ಮಾತ್ರ ಯಾವ ಕಾಲಕ್ಕೂ ಒಂದೇ ಗೀಟು.

ಮೊದಲ ಒಂಬತ್ತು ವರ್ಷ ಏನೂ ಕಾಣಲಿಲ್ಲವಂತೆ.
ಎರೆಹುಳು ಬರಬೇಕು, ತಿನ್ನಬೇಕು, ಹೋಗಬೇಕು;
ಬೇರು ಸಾಯಬೇಕು; ಬೂಷ್ಟಿನ ಎಳೆ
ಮರಳಿಗೂ ಜೇಡಿಗೂ ಹೊಲಿಗೆ ಹಾಕಬೇಕು,
ಆ ಹೊಲಿಗೆ ಹಿಮ ಕಚ್ಚಿ ಎಳೆದರೂ ಬಿಚ್ಚದೆ ಉಳಿಯಬೇಕು.
ಹಾಗೆ ಎಷ್ಟೋ ಚಳಿಗಾಲ.

ಕೊಡದೆ ಇರುವುದೂ ಒಂದು ಕೆಲಸ.
ಎಂಬತ್ತೆರಡು ವರ್ಷ ಒಂದು ನೆಲವನ್ನು
ಲೆಕ್ಕವಿಟ್ಟು ಉಪವಾಸ ಕೆಡವುವುದು;
ಮಳೆ ಬಿದ್ದಾಗ ಅದು ಹಪ್ಪಳಗಟ್ಟುವುದನ್ನು,
ಮೊಳಕೆ ಅದರಡಿ ಹಣೆ ಗುದ್ದಿ ಗುದ್ದಿ ಅಡ್ಡಬೀಳುವುದನ್ನು
ನೋಡಿ, ಬರೆದುಕೊಂಡು,
ಮುಂದಿನ ಪಟ್ಟಿಗೆ ಹೋಗುವುದು.

ಮಾದರಿ ಯಾವಾಗಲೂ ನಡುವಿನಿಂದ. ಈ ಸಲ
ಹೊಸ ಹುಡುಗ ರೈವೋ ಅಂಚಿನಿಂದ ತಂದಿದ್ದ.
ಹೆಂಟೆ ಕರಗಲಿಲ್ಲ.
ಲೋಟ ತೊಳೆದಳು, ಇನ್ನೊಂದು ಹಾಕಿದಳು. ಕೂತೇ ಇತ್ತು.
ಚೀಟಿ ಅದಲುಬದಲು ಮಾಡಿದ್ದೀಯ ಎಂದು ಹುಡುಗನನ್ನು ಬೈದು
ತಾನೇ ಗುದ್ದಲಿ ಹಿಡಿದು ಹೋದಳು.
ಒಂದು ಕಂಬಳಿಯಗಲ ನೆಲ, ಕಪ್ಪಗೆ, ಪುಡಿಪುಡಿ,
ಅಂಗೈಯಲ್ಲಿ ಹಿಡಿದರೆ ಹಿಡಿ, ಬಿಟ್ಟರೆ ಕಾಳು.
ಅಂಚಿನಲ್ಲಿ ಲಡ್ಡುಹಿಡಿದ ಗೂಟದ ಬುಡ,
ಅದಕ್ಕೆ ಬಿಗಿದ ಕಬ್ಬಿಣದ ಬಳೆ.

ಎಂಡೆಲ್!
ಡೀಸೆಲ್ಲಿಗೆ ದುಡ್ಡಿಲ್ಲದ ಆ ಏಳು ವರ್ಷ
ಉಳುವ ದಿನ, ಬಿತ್ತುವ ದಿನ, ಕೊಯ್ಯುವ ದಿನ
ಕುದುರೆಯನ್ನು ಇಲ್ಲೇ ಕಟ್ಟಿ
ಕಪ್ಪು ರೊಟ್ಟಿ, ಉಪ್ಪುಮೀನು ತಿಂದು ಕಣ್ಣುಮುಚ್ಚುತ್ತಿದ್ದ.
ತುಕ್ಸು ನಿಂತಲ್ಲೇ ನಿಂತು, ನೊಣ ಓಡಿಸುತ್ತ,
ಯಾರ ಅಪ್ಪಣೆಯೂ ಇಲ್ಲದೆ
ತನ್ನ ಪಾಲು ಹಾಕುತ್ತಿತ್ತು.

ಮುಚ್ಚಂಜೆ. ಪುಸ್ತಕ ತೆರೆದು ಬಹಳ ಹೊತ್ತು ಕೂತಳು.
ಷರಾ: ಈ ಮೂಲೆ ಲೆಕ್ಕಕ್ಕಿಲ್ಲ. ಕಾರಣ, ಕುದುರೆ.
ದೀಪ ಆರಿಸಿದಳು.
ಲೋಟ ಚೆಲ್ಲಲಿಲ್ಲ.