ಅರ್ಧ ಮಂಡಿ

ಲಿಸ್ಬನ್ನಿನ ಇಳಿಜಾರು ಬೀದಿಗಳಿಗೆ
ಮಂಡಿಯೂರಿ ಕಲ್ಲು ಕೂರಿಸಿದವನು ಲಿಬಾನಿಯೊ.
ಹತ್ತೊಂಬತ್ತು ವರ್ಷದ ಹಿಂದೆ
ಒಳಮಗ್ಗುಲಷ್ಟೇ ತೆಗೆದು ಲೋಹ ಇಟ್ಟರು;
ಹೊರಮಗ್ಗುಲು ತಾಯಿ ಕೊಟ್ಟದ್ದೇ.
‘ಹತ್ತು ವರ್ಷ ಬಂದರೆ ಪುಣ್ಯ’ ಎಂದ ಸರ್ಜನ್
ತೀರಿಕೊಂಡೇ ಆರಾಯಿತು.

ಇವತ್ತು ಎಕ್ಸ್‌ರೇ ನೋಡಿದ ಹುಡುಗಿ
(ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದವಳು)
ಬೆರಳಿಟ್ಟು ತೋರಿಸಿದಳು:
ಲೋಹ ಗಟ್ಟಿ. ನಡುವಿನ ಪ್ಲಾಸ್ಟಿಕ್ಕು
ಕೂದಲೆಳೆಯಷ್ಟು ಸವೆದಿದೆ.
ಸೋತದ್ದು ನಿಮ್ಮದೇ ಭಾಗ.

ಅವನು ನಕ್ಕ.
‘ರಸ್ತೆ ರಿಪೇರಿಯೂ ಹೀಗೇ ಮಗಳೇ,
ತೇಪೆಯ ಕಲ್ಲು ಅಲ್ಲಾಡುವುದಿಲ್ಲ,
ಪಕ್ಕದ ಹಳೇದು ಕಿತ್ತು ಬರುತ್ತದೆ.’

ಪೂರಾ ಬದಲಿಸೋಣವೇ?
ನೋಡೋಣ ಎಂದು ಹೊರಬಿದ್ದ.

ನುಣುಪಾದ ಇಳುಕಲು.
ತಾನೇ ಹೂಡಿದ ಕಪ್ಪುಕಲ್ಲಿನ ಮೀನಿಗೆ
ಈಗ ಕಣ್ಣಿಲ್ಲ.
ಆ ಗುಳಿಗೆ ಕೋಲಿನ ತುದಿ ಇಳಿಸಿ,
ಲೋಹದ ಕಡೆಗೆ ಭಾರ ಬಿಟ್ಟು
ಸ್ವಲ್ಪ ಹೊತ್ತು ನಿಂತ.