ಮೇಲ್ನಾಲೆ

ಗುತ್ತಲಿನಿಂದ ಕೆರಗೋಡಿನವರೆಗೆ
ನಾನು ಕೂರಿಸಿದ ಡಿಶ್ಶುಗಳೆಲ್ಲ ಒಂದೇ ಕಡೆ ನೋಡುತ್ತವೆ.
ತೆಂಕಣಕ್ಕೆ ತಿರುಗಿ, ತುಸು ಮೂಡಣಕ್ಕೆ ವಾಲಿ,
ಮಳವಳ್ಳಿ ಬಸ್ಸು ಹೋಗುವ ದಿಕ್ಕಿಗೆ.
ಕಿಬ್ಲಾ ಪಡುವಣಕ್ಕೆ. ಅದು ಬೇರೆ.
ನನಗೆ ಎರಡೂ ಬಾಯಿಪಾಠ.

ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ
ಒಂದು ಪೆಟ್ಟಿಗೆ ನಿಂತಲ್ಲೇ ನಿಂತಿದೆ.
ನಾನದನ್ನು ಕಂಡಿಲ್ಲ. ಹದಿನಾಲ್ಕು ವರ್ಷದಿಂದ
ಮನೆಯ ಅಕ್ಕಿ ಅದರ ಕಡೆಯಿಂದ ಬರುತ್ತಿದೆ.

ದೇವೀರಮ್ಮನ ತಾರಸಿಯಲ್ಲಿ ಸ್ಪ್ಯಾನರು ಹಿಡಿದು
"ಬಂತಾ?" ಅಂತ ನಾನು.
"ಬಂತು... ಓಯ್ತು... ಬಂತು, ಅಲ್ಲೇ ಬುಡು" ಅಂತ ಕೆಳಗಿನಿಂದ ಅವಳು.
ಬಂದದ್ದು ವಾರ್ತೆ:
ಯಾವುದೋ ದೇಶದ ಉಪಗ್ರಹ
ಇನ್ನೊಂದರ ಮಗ್ಗುಲಿಗೆ ಬಂದು ನಿಂತಿದೆಯಂತೆ,
ಮಿಲಿಟರಿಯದಂತೆ, ಕಣ್ಣಿದೆಯಂತೆ,
ಆ ಕಣ್ಣು ಭೂಮಿಯ ಕಡೆ ನೋಡುವುದೇ ಇಲ್ಲವಂತೆ,
ನೆರೆಹೊರೆಯವರನ್ನಷ್ಟೇ ನೋಡುತ್ತದಂತೆ.

ಸಂಜೆ ನಾಲೆ ಏರಿಯ ಮೇಲೆ ಮುದ್ದಮಾದಯ್ಯ ಸಿಕ್ಕಿದ.
ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವನು,
ಕಟ್ಟುನೀರಿನ ರಾತ್ರಿಗಳಲ್ಲಿ ತೂಬಿನಿಂದ ತೂಬಿಗೆ ನಡೆದವನು.
ನಾನು ಹೇಳಿದ್ದಕ್ಕೆ ಅವನು ಹುಬ್ಬು ಕೂಡ ಎತ್ತಲಿಲ್ಲ.
"ಅಲ್ಲೂ ಒಂದ್ ನಾಲೆ ಅದೆ ಅನ್ನು.
ಅವರವ್ರ ಗದ್ದೆ, ಅವರವ್ರ ತೂಬು.
ಎಲ್ಲಾ ನಿಂತವ್ರೆ, ಒಬ್ಬ ಮಾತ್ರ ನಡೀತಾವ್ನೆ."

ನಾನು ಮಣ್ಣಲ್ಲಿ ಕಡ್ಡಿಯಿಂದ ಗೆರೆ ಎಳೆದೆ.
ಸಾಲಿನಿಂದ ಒಂದಿಷ್ಟು ಕೆಳಗಿಳಿದರೆ ಮುಂದಕ್ಕೆ ಜಾರುತ್ತದೆ,
ಒಂದಿಷ್ಟು ಮೇಲೇರಿದರೆ ಹಿಂದೆ ಬೀಳುತ್ತದೆ,
ಹಾಗೇ ಹಿಂದೆ ಮುಂದೆ ಒಂದೊಂದು ಜಗಲಿ ಇಣುಕುತ್ತ,
ಸೂರ್ಯನನ್ನು ಬೆನ್ನಿಗಿಟ್ಟುಕೊಂಡು,
ಎದುರಿನದರ ಮೈಮೇಲೆ ಬೆಳಕು ಬೀಳಲೆಂದು.

"ಅದು ಸರೀನೇ. ನಾನೂ ಚಂದ್ರನ್ನ ಬೆನ್ಗಾಕ್ಕಂಡೇ ಓಯ್ತಿದ್ದೆ.
ಅವನ ಮೊಖ ಕಾಣ್ಬೇಕು, ನಂದು ಕಾಣಬಾರ್ದು."
ಬೀಡಿ ಅಂಟಿಸಿದ. ನೀರು ಸದ್ದಿಲ್ಲದೆ ಹೋಗುತ್ತಿತ್ತು.
"ನಮ್ಮವೂ ಓಗಿರ್ತವೆ ಕಣೋ. ಯೋಳಾಕಿಲ್ಲ, ಅಷ್ಟೆ."

ಆಮೇಲೆ, ನಾನು ಸ್ಕೂಟರಿಗೆ ಕಿಕ್ಕು ಹೊಡೆಯುವಾಗ:
"ಒಂದ್ ಇತ್ತು, ಇಲಿಯಾಸು.
ತೂಬ್ನತ್ರ ಬಂದಾಗ ಕೆಮ್ಮತಿದ್ದೆ.
ಸನಿಕೆ ಇಡ್ಕಂಡ್ ಬಗ್ಗಿರೋನ್ಗೆ
ಎದ್ ನಿಲ್ಲಾಕೆ ಒಂದ್ ಗಳಿಗೆ ಬೇಕಲ್ಲ.
ಕೆಮ್ಮುದ್ರೆ ನೀರುಗಂಟಿ.
ಕೆಮ್ದೇ ಬಂದ್ರೆ, ಅವ್ನೂ ಒಬ್ಬ ಕಳ್ಳ."

ಒಮ್ಮೆ ನೆಗಡಿಯಾಗಿ ಗಂಟಲು ಕಟ್ಟಿತ್ತಂತೆ.
ಆ ರಾತ್ರಿಯ ಗುರುತು ಮೊಣಕೈ ಮೇಲೆ, ಬೆರಳುದ್ದ.
ಸನಿಕೆ ಬೀಸಿದವನು ಅವನ ಷಡ್ಡಕನೇ,
ಹೆದರಿ ಬೀಸಿದ್ದು. ದ್ವೇಷವೇನೂ ಇರಲಿಲ್ಲ.
ಮಾರನೆಯ ದಿನ ಅರಿಶಿನ ಅರೆದು ಕೊಟ್ಟವನೂ ಅವನೇ.

ಮೇಲೆ ಗಾಳಿಯಿಲ್ಲ.
ಗಂಟಲು ಇದ್ದರೂ ಪ್ರಯೋಜನವಿಲ್ಲ.

ಮಾರ್ಚಿ ನಡುವೆ ನಾಲ್ಕಾರು ದಿನ, ಹನ್ನೆರಡರ ಹೊತ್ತಿಗೆ,
ಸೂರ್ಯ ನೇರ ಆ ಪೆಟ್ಟಿಗೆಯ ಹಿಂದೆ ಬಂದು ಕೂರುತ್ತಾನೆ.
ಊರಿನ ಟೀವಿಗಳೆಲ್ಲ ಹತ್ತು ನಿಮಿಷ ಕುರುಡು.
ಫೋನಿನ ಮೇಲೆ ಫೋನು: ಓಯ್ತು ಇಲಿಯಾಸು, ಓಯ್ತು.
ಪ್ರತಿ ವರ್ಷವೂ ಬಿಸಿಲಿನ ಕಾಟ ಅಂತ ಹೇಳುತ್ತಿದ್ದೆ.
ಈ ಸಲ ಒಂದು ಗಳಿಗೆ ಬಾಯಿ ಬರಲಿಲ್ಲ.
ಆ ಬೆಳಕನ್ನು ಬೆನ್ನಿಗೆ ಹಾಕಿಕೊಂಡು
ಈಗ ಯಾರು ಯಾರ ತೂಬಿನ ಹತ್ತಿರ ನಿಂತಿದ್ದಾರೋ,
ಯಾರ ಕೈಯಲ್ಲಿ ಸನಿಕೆ ಇದೆಯೋ.

ನಿನ್ನೆ ಮಬ್ಬಾದ ಮೇಲೆ ದೇವೀರಮ್ಮನ ಮನೆಗೆ ಹೋದೆ,
ಸಡಿಲಾದ ಒಂದು ನಟ್ಟು, ಎರಡು ನಿಮಿಷದ ಕೆಲಸ.
ಹೊರಗಿನ ಮೆಟ್ಟಿಲು. ಚಪ್ಪಲಿ ಕೆಳಗೇ ಬಿಟ್ಟಿದ್ದೆ.
ಕರೆಂಟು ಇರಲಿಲ್ಲ, ಚಂದ್ರ ನನ್ನ ಬೆನ್ನಿಗಿದ್ದ.
ಡಿಶ್ಶಿಗೆ ಕೈ ಹಾಕಿದೆ, ತಗಡು ಕಿರ್ ಎಂದಿತು.
"ಯಾರ್ಲಾ ಅದು ತಾರ್ಸಿ ಮ್ಯಾಲೆ?"
ಕೆಳಗೆ ಒನಕೆಯೋ ಏನೋ ಗೋಡೆಗೆ ತಗುಲಿದ ಸದ್ದು.

ಕೆಮ್ಮಿದೆ.