ಕೆಲಸ ಒಪ್ಪಿಸುವಾಗ

ಬಾ ತಮ್ತಾ, ಚೀಲ ಅಲ್ಲಿಡು.
ನಾಳೆಯಿಂದ ನೀನು ನಿಲ್ಲಬೇಕಾದ ಗೋಡೆ ಇದು.
ಎಡಕ್ಕೆ ಮಾಡಬೇಕಾದ್ದು, ನಡುವೆ ಮಾಡುತ್ತಿರುವುದು,
ಬಲಕ್ಕೆ ಮುಗಿದದ್ದು.
ಚೀಟಿಗಳ ಅಂಟು ಅಷ್ಟಕ್ಕಷ್ಟೆ;
ಕಿಟಕಿ ತೆರೆದರೆ ರಿಯೋನಿ ಹೊಳೆಯ ಗಾಳಿಗೆ
ಮುಗಿದ ಕೆಲಸವೆಲ್ಲ ನೆಲಕ್ಕೆ.
ಇರುವವರು ಏಳು ಜನ. ಹೆಕ್ಕಲು ಮೊದಲು ಬಗ್ಗುವವಳು ಎಲಿಸೋ.
ಇದನ್ನು ಯಾವ ಪಟ್ಟಿಯಲ್ಲೂ ಬರೆದಿಲ್ಲ, ನೆನಪಿಟ್ಟುಕೋ.

ಬೆಳಗ್ಗೆ ಹತ್ತಕ್ಕೆ ನಿಂತು ಮಾತು, ಹದಿನೈದು ನಿಮಿಷ.
ನಿಂತರೆ ಕಾಲು ನೋಯುತ್ತದೆ,
ಕಾಲು ನೊಂದರೆ ಮಾತು ಮೊಟಕು ಎಂದು
ನಾವು ಕಲಿತ, ಕಲಿಸಿದ ಲೆಕ್ಕ.
ಹೋದ ಚಳಿಗಾಲ ನನ್ನ ಮಂಡಿ ಕೈಕೊಟ್ಟಿತು.
ನಾನು ಕೂತೆ. ಅವರು ನಿಂತೇ ಇದ್ದರು
ಮೇಷ್ಟರ ಮುಂದೆ ಮಗ್ಗಿ ಒಪ್ಪಿಸುವವರ ಹಾಗೆ:
ನಿನ್ನೆ ಇದು ಮಾಡಿದೆ, ಇವತ್ತು ಇದು ಮಾಡುತ್ತೇನೆ,
ಅಡ್ಡಿ ಏನೂ ಇಲ್ಲ.
ಅಡ್ಡಿ ಏನೂ ಇಲ್ಲ.
ಅಡ್ಡಿ ಏನೂ ಇಲ್ಲ.
ಏಳೇಳ್ಲಿ ನಲವತ್ತೊಂಬತ್ತು.

ಗೋಡೆಯ ಮೇಲೆ ಈ ಬೆಳ್ಳನೆ ಚೌಕ ಕಂಡಿತೆ?
ಅಲ್ಲೊಂದು ನಕ್ಷೆ ಇತ್ತು.
ಎರಡು ವಾರಕ್ಕೆ ಎಷ್ಟು ಮುಗಿಸಿದರೆಂಬ ಗೆರೆ.
ನಾನೇ ಎಳೆಯುತ್ತಿದ್ದೆ, ಹಸಿರು ಪೆನ್ನಿನಲ್ಲಿ.
ಏರಿದಾಗಲೆಲ್ಲ ಚುರ್ಚ್‌ಖೇಲಾ ತಂದು ಹಂಚುತ್ತಿದ್ದೆ,
ದ್ರಾಕ್ಷಿಪಾಕದಲ್ಲಿ ಅದ್ದಿ ಒಣಗಿಸಿದ ಅಕ್ರೋಟಿನ ಸರ.
ಗೆರೆ ಏರಿತು. ಏರದೆ ಏನು ಮಾಡೀತು!
ಎರಡು ಅಂಕದ ಕೆಲಸ ಮೂರಾಯಿತು, ಮೂರು ಐದಾಯಿತು,
ಕೆಲಸ ಮಾತ್ರ ಇದ್ದಷ್ಟೇ ಇತ್ತು.

ಆಂಬುಲೆನ್ಸು ಎತ್ತ ಓಡಬೇಕೆಂದು ಹೇಳುವ ತಂತ್ರಾಂಶ ನಮ್ಮದು.
ಅದರ ತಪ್ಪು ಹುಡುಕುವವನು ಮಾಲ್ಖಾಜ್.
ಹನ್ನೊಂದು ದಿನ ಅವನ ಹಳದಿ ಚೀಟಿ ನಡುವೆಯೇ ಇತ್ತು,
ಮೂಲೆ ಸುರುಟಿಕೊಂಡು.
ಹನ್ನೊಂದು ದಿನವೂ ಅವನೆಂದ, ಅಡ್ಡಿ ಏನೂ ಇಲ್ಲ.
ನನಗೆ ಕಂಡಿತ್ತು.
ಕಂಡೂ ನಾನು ಗೆರೆಯನ್ನೇ ನೋಡಿದೆ.

ಹನ್ನೆರಡನೆಯ ಸಂಜೆ ಕರೆಂಟು ಹೋಯಿತು.
ಪರದೆಗಳೆಲ್ಲ ಒಟ್ಟಿಗೇ ಕಣ್ಣು ಮುಚ್ಚಿದವು.
ಎಲಿಸೋ ಮೇಣದಬತ್ತಿಗೆ ತಡಕಾಡುತ್ತಿದ್ದಳು.
ಆಗ ಅವನು, ಯಾರಿಗೂ ಅಲ್ಲದ ಹಾಗೆ, ಗೋಡೆಗೆ ಹೇಳಿದ:
ಎರಡು ಬೀದಿಗೆ ಒಂದೇ ಹೆಸರಿದೆ,
ಹೊಳೆಯ ಆಚೆಗೊಂದು, ಈಚೆಗೊಂದು.
ನಮ್ಮದು ಯಾವಾಗಲೂ ಆಚೆಯದನ್ನೇ ಆರಿಸುತ್ತದೆ.
ಯಾಕೋ ಗೊತ್ತಿಲ್ಲ.
ನಮ್ಮ ಚಿಕ್ಕಮ್ಮ ಇರುವುದು ಈಚೆ.

ಅರ್ ವಿತ್ಸಿ. ಗೊತ್ತಿಲ್ಲ.
ಆರು ತಿಂಗಳಲ್ಲಿ ಆ ಕೋಣೆಯಲ್ಲಿ ಬಿದ್ದ ಮೊದಲ ನಿಜ.
ಮೌನ ಬಂಗಾರ ಎಂದವರು
ಅದರ ಬಡ್ಡಿ ಕಟ್ಟಿದವರಲ್ಲ, ತಮ್ತಾ.

ಮೊದಲೇ ಯಾಕೆ ಹೇಳಲಿಲ್ಲ,
ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ.
ನನ್ನ ಹದಿನಾಲ್ಕು ವರ್ಷದ ವಿದ್ಯೆಯಲ್ಲಿ
ಕೆಲಸಕ್ಕೆ ಬಂದದ್ದು ಅದೊಂದು ಗುಟುಕು.

ಬತ್ತಿ ಹೊತ್ತಿತು. ಗೇಲಾ ಒಂದು ಕುರ್ಚಿ ಎಳೆದು ಅವನ ಮುಂದಿಟ್ಟ.
ಅವನು ಕೂತ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.
ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ಹೊಳೆ ಬರೆದರು,
ಸಕ್ಕರೆ ಉಂಡೆ ಇಟ್ಟು ಸೇತುವೆ ಮಾಡಿದರು.
ಸೇತುವೆ ಕರಗಿತು, ಇನ್ನೊಂದಿಟ್ಟರು.
ಕರೆಂಟು ಬಂದಾಗ ಬೈದವಳು ಎಲಿಸೋ:
ದೀಪ ಆರಿಸ್ರೋ, ಈಗಷ್ಟೇ ಕಾಣಿಸ್ತಾ ಇದೆ.

ಮರುದಿನ ನಕ್ಷೆ ಕಿತ್ತೆ.
ತಿಬಿಲಿಸಿಯಿಂದ ಮೇಲಿನವರ ಫೋನು: ಗೆರೆ ಎಲ್ಲಿ?
ಅರ್ ವಿತ್ಸಿ, ಅಂದೆ.
ಅದಕ್ಕೇ ನೀನು ಬಂದಿದ್ದೀಯ. ಇರಲಿ, ನಿನ್ನ ತಪ್ಪೇನಿದೆ.

ಬೀಗದ ಕೈ ಎಡಕ್ಕೆ ತಿರುಗುತ್ತದೆ.
ಕೆಳಗಿನ ಖಾನೆಯಲ್ಲಿ ಚುರ್ಚ್‌ಖೇಲಾ ಒಂದು ಉಳಿದಿದೆ,
ನೀನೇ ತಿನ್ನು, ಬಹುಮಾನ ಕೊಡಬೇಡ.
ಹಸಿರು ಪೆನ್ನು ನಾನು ಒಯ್ಯುತ್ತೇನೆ.

ಆ ಹಳದಿ ಚೀಟಿ ಇನ್ನೂ ನಡುವೆಯೇ ಇದೆ,
ಸರಿಸಬೇಡ.
ಅದೇ ಹೆಸರಿನ ಮೂರನೆಯ ಬೀದಿ
ನಿನ್ನೆ ಸಿಕ್ಕಿತಂತೆ.